ಘಟ್ಟದ ಹಾದಿ ಮತ್ತು ವಾಹನದ ದ್ರವಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಘಟ್ಟದ ಮೇಲಣ ಊರುಗಳು. ಇಲ್ಲಿಂದ ಕರಾವಳಿಗೆ ಹೊರಟವರು ಬಹುಮಟ್ಟಿಗೆ ದೇವಿಮನೆ, ದೊಡ್ಮನೆ ಇಲ್ಲವೆ ಅರೆಬೈಲು ಘಟ್ಟವನ್ನು ಇಳಿಯಲೇಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬಯಲುಸೀಮೆಯ ಹತ್ತಿಯು ಎತ್ತಿನ ಗಾಡಿಗಳಲ್ಲಿ ಕುಮಟೆಯ ಬಂದರಿಗೆ ಇಳಿದದ್ದು ದೇವಿಮನೆಯ ಹಾದಿಯಲ್ಲೇ. ಇಂದು ಅದೇ ತಿರುವುಗಳಲ್ಲಿ ಶಾಲೆಯ ವ್ಯಾನೂ ಓಡುತ್ತದೆ, ದೂರದ ನಗರಗಳಲ್ಲಿ ನೆಲೆಸಿದ ನಮ್ಮ ಹಳೆಯ ವಿದ್ಯಾರ್ಥಿಗಳ ಅತಿವೇಗದ ಸ್ಪೋರ್ಟ್ಸ್ ಕಾರೂ ಓಡುತ್ತದೆ. ಇವೆರಡರ ಸುರಕ್ಷತೆಯೂ ಕಣ್ಣಿಗೆ ಕಾಣದ ಕೆಲವು ದ್ರವಗಳನ್ನು ಅವಲಂಬಿಸಿದೆ.

ಮೊದಲು ಬ್ರೇಕಿನ ವಿಚಾರ. ದೊಡ್ಡ ಬಸ್ಸುಗಳಲ್ಲಿ ಗಾಳಿಯ ಬ್ರೇಕ್ ಇರುತ್ತದೆ. ಕಾರು, ಜೀಪು, ಸಣ್ಣ ವ್ಯಾನುಗಳಲ್ಲಿ ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಬ್ರೇಕ್ ಆಯಿಲ್. ಪಾಸ್ಕಲನ ನಿಯಮವನ್ನು ಓದಿದ ಪ್ರೌಢಶಾಲೆಯ ಬಾಲಕನೂ ಇದನ್ನು ಬಲ್ಲನು. ಒಂದೂವರೆ ಟನ್ ತೂಕದ ಕಾರು 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿಯು ಸುಮಾರು 25 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಬಲ್ಲದು. ಮೇಲಿನ ಗೇರಿನಲ್ಲಿಯೇ ಇಳಿದರೆ ಈ ಶಾಖದ ಬಹುಪಾಲು ಬ್ರೇಕುಗಳ ಮೇಲೆ ಬೀಳುತ್ತದೆ.

ಬ್ರೇಕ್ ಆಯಿಲಿಗೆ ತೇವವನ್ನು ಹೀರುವ ಗುಣವಿದೆ. ರಬ್ಬರ್ ಹೋಸುಗಳ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ಗಾಳಿಯ ನೀರಿನಂಶ ಅದರೊಳಗೆ ಮೆಲ್ಲನೆ ಸೇರುತ್ತದೆ. ತಿಂಗಳುಗಟ್ಟಲೆ ಮಳೆ ಹಿಡಿಯುವ ಮಲೆನಾಡಿನಲ್ಲಿ ಇದನ್ನು ಮರೆಯುವಂತಿಲ್ಲ. ಡಾಟ್ 4 ದರ್ಜೆಯ ಹೊಸ ದ್ರವವು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ಶೇಕಡಾ 3.7ರಷ್ಟು ನೀರು ಬೆರೆತ ಮೇಲೆ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3ರಲ್ಲಿ ಈ ಅಂಕಿಗಳು 205 ಮತ್ತು 140. ದ್ರವ ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವು ಒತ್ತಡಕ್ಕೆ ಕುಗ್ಗದು, ಆದರೆ ಆವಿ ಕುಗ್ಗುತ್ತದೆ. ಆಗ ಪೆಡಲು ನೆಲ ಮುಟ್ಟಿದರೂ ವಾಹನ ನಿಲ್ಲದು.

ಪಂದ್ಯದ ಕಾರುಗಳಿಗಾಗಿ 300 ಡಿಗ್ರಿಯನ್ನೂ ಮೀರಿ ತಾಳುವ ದ್ರವಗಳಿವೆ. ಆದರೆ ಅವೂ ತೇವವನ್ನು ಹೀರುವುವೇ. ಆದುದರಿಂದ ಅವನ್ನು ಇನ್ನೂ ಬೇಗ ಬದಲಿಸಬೇಕಾಗುತ್ತದೆ. ಬೆಲೆ ಹೆಚ್ಚೆಂದ ಮಾತ್ರಕ್ಕೆ ಬಾಳಿಕೆ ಹೆಚ್ಚೆಂದು ತಿಳಿಯಬಾರದು. ಸಾಮಾನ್ಯ ವಾಹನಗಳಲ್ಲಿ ಎರಡು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುನ್ನ, ಹಳೆಯ ದ್ರವವನ್ನು ಪೂರ್ತಿ ತೆಗೆದು ಹೊಸದನ್ನು ತುಂಬಿಸುವುದು ಒಳ್ಳೆಯ ಪದ್ಧತಿ. ತೆರೆದಿಟ್ಟ ಡಬ್ಬಿಯ ಶೇಷವನ್ನು ಬಳಸಕೂಡದು. ಎಂಜಿನ್ ಆಯಿಲನ್ನು ತಪ್ಪಿಯೂ ಇದರಲ್ಲಿ ಸುರಿಯಕೂಡದು. ರಬ್ಬರ್ ಸೀಲುಗಳು ಉಬ್ಬಿ ಬ್ರೇಕ್ ಕೆಡುತ್ತದೆ.

ಎರಡನೆಯದು ಕೂಲಂಟ್. ಇಳಿಜಾರಿನಲ್ಲಿ ಬ್ರೇಕಿಗೆ ಪರೀಕ್ಷೆಯಾದರೆ ಏರಿನಲ್ಲಿ ರೇಡಿಯೇಟರಿಗೆ ಪರೀಕ್ಷೆ. ಬಾವಿಯ ನೀರನ್ನೇ ಸುರಿಯುವ ರೂಢಿಯಿಂದ ಲವಣದ ಪೊರೆ ಕಟ್ಟುತ್ತದೆ, ತುಕ್ಕು ಹಿಡಿಯುತ್ತದೆ. ಭಟ್ಟಿ ಇಳಿಸಿದ ನೀರು ಹಾಗೂ ತಯಾರಕರು ಸೂಚಿಸಿದ ಕೂಲಂಟುಗಳ ಮಿಶ್ರಣವೇ ಯೋಗ್ಯ. ಬಿಸಿ ಎಂಜಿನಿನ ರೇಡಿಯೇಟರ್ ಮುಚ್ಚಳವನ್ನು ತೆರೆದರೆ ಒತ್ತಡದಲ್ಲಿದ್ದ ನೀರು ಚಿಮ್ಮಿ ಮುಖ ಬೇಯುತ್ತದೆ.

ಮೂರನೆಯದು ಎಂಜಿನ್ ಆಯಿಲ್. ಟರ್ಬೋ ಉಳ್ಳ ಪ್ರಬಲ ಎಂಜಿನುಗಳಲ್ಲಿ ಇದು ಜಾರಿಕೆಯನ್ನಷ್ಟೇ ಅಲ್ಲ, ತಂಪನ್ನೂ ಕೊಡುತ್ತದೆ. ಡಿಪ್‌ಸ್ಟಿಕ್ ಉಳ್ಳ ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕೆಲವು ನಿಮಿಷ ಕಳೆದ ಮೇಲೆ ಕಡ್ಡಿಯನ್ನು ಒರೆಸಿ ನೋಡಬೇಕು. ಮಟ್ಟವು ಎರಡು ಗುರುತುಗಳ ನಡುವೆ ಇರಬೇಕು. ಹೆಚ್ಚೂ ಕೇಡು, ಕಡಿಮೆಯೂ ಕೇಡು. ಎಣ್ಣೆ ಹಾಲು ಬೆರೆತ ಚಹದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆಯೆಂದು ತಿಳಿದು ತಡಮಾಡದೆ ಮೆಕ್ಯಾನಿಕರಿಗೆ ತೋರಿಸಬೇಕು.

ಇಷ್ಟೆಲ್ಲ ಮಾಡಿದರೂ ಚಾಲಕನ ವಿವೇಕವಿಲ್ಲದಿದ್ದರೆ ವ್ಯರ್ಥ. ಘಟ್ಟವನ್ನು ಹತ್ತುವ ಗೇರಿನಲ್ಲಿಯೇ ಇಳಿಯಬೇಕೆಂಬುದು ಅನುಭವಿ ಚಾಲಕರ ಮಾತು. ಆಗ ಎಂಜಿನೇ ವಾಹನವನ್ನು ಹಿಡಿದಿಡುತ್ತದೆ. ಪೆಡಲು ಮೆತ್ತಗಾದಂತೆ ತೋರಿದರೆ ಗೇರನ್ನು ಇನ್ನೂ ಇಳಿಸಿ, ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಆರಲು ಬಿಡಬೇಕು. ಕಾದ ಡಿಸ್ಕಿನ ಮೇಲೆ ನೀರೆರಚಬಾರದು.

ಶಾಲೆಗೆ ವಾಹನವನ್ನು ದಾನ ಮಾಡುವ ಮಹನೀಯರಲ್ಲಿ ಒಂದು ವಿನಂತಿ. ವಾಹನದೊಡನೆ ಅದರ ಪಾಲನೆಗೂ ವರ್ಷಂಪ್ರತಿ ಒಂದಿಷ್ಟು ಹಣ ಮೀಸಲಿಟ್ಟರೆ ಆ ದಾನ ಪೂರ್ಣವಾಗುತ್ತದೆ. ದ್ರವ ಬದಲಿಸಿದ ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಹೊಣೆಯನ್ನು ವಿಜ್ಞಾನದ ಅಧ್ಯಾಪಕರು ವಹಿಸಿಕೊಂಡರೆ ಮಕ್ಕಳಿಗೂ ಪಾಠ ದೊರೆತಂತಾಗುತ್ತದೆ. ಒಂದು ಲೀಟರ್ ದ್ರವದ ಬೆಲೆ ಅಲ್ಪ. ಅದನ್ನು ನಂಬಿ ಕುಳಿತ ಮಕ್ಕಳ ಜೀವಕ್ಕೆ ಬೆಲೆ ಕಟ್ಟಲಾಗದು.