ನಾದದ ಹಿಂದಿನ ವಿದ್ಯುತ್ತು

ಕಾರಿನಲ್ಲಿ ಭಾರಿ ಆಂಪ್ಲಿಫೈಯರನ್ನು ಕೂಡಿಸಿದ ಮೇಲೆ, ಮಂದ್ರಸ್ವರ ಮೊಳಗಿದಾಗಲೆಲ್ಲ ಹೆಡ್‌ಲೈಟುಗಳು ಮಂಕಾಗುವುದುಂಟು. ಇದಕ್ಕೆ ಕಾರಣವೇನು? 1000 ವಾಟ್ ಹೊರಡಿಸುವ ಆಂಪ್ಲಿಫೈಯರಿನ ದಕ್ಷತೆ ಶೇಕಡಾ 80 ಎಂದಿಟ್ಟುಕೊಂಡರೂ ಅದಕ್ಕೆ 1250 ವಾಟ್ ಒದಗಬೇಕು. ಎಂಜಿನ್ ಓಡುವಾಗಿನ ಸುಮಾರು 14 ವೋಲ್ಟಿನಲ್ಲಿ ಇದು 90 ಆಂಪಿಯರಿಗೆ ಸಮೀಪದ ಪ್ರವಾಹ. ಅನೇಕ ಸಣ್ಣ ಕಾರುಗಳ ಆಲ್ಟರ್ನೇಟರು ಹುಟ್ಟಿಸುವ ಒಟ್ಟು ವಿದ್ಯುತ್ತೇ ಇಷ್ಟಿರುವುದಿಲ್ಲ.

ಬ್ಯಾಟರಿಯನ್ನು ದೊಡ್ಡದು ಮಾಡಿದರೆ ಸಾಲದೆ ಎಂದು ಕೇಳಬಹುದು. ಬ್ಯಾಟರಿ ಕಣಜ, ಆಲ್ಟರ್ನೇಟರು ಗದ್ದೆ. ಬೆಳೆ ಹೆಚ್ಚದೆ ಕಣಜವನ್ನು ಹಿಗ್ಗಿಸಿ ಫಲವೇನು? ಕೆಪಾಸಿಟರೂ ಕ್ಷಣಮಾತ್ರದ ಕೈಗಡವಷ್ಟೆ.

ಆದುದರಿಂದ ಮೊದಲು ಬೇಕಾದುದು ಹೆಚ್ಚು ಸಾಮರ್ಥ್ಯದ ಆಲ್ಟರ್ನೇಟರು. ಬಳಿಕ ಅದರಿಂದ ಬ್ಯಾಟರಿಗೆ, ಬ್ಯಾಟರಿಯ ಋಣಧ್ರುವದಿಂದ ಕಾರಿನ ಒಡಲಿಗೆ, ಎಂಜಿನ್ನಿನಿಂದ ಒಡಲಿಗೆ ದಪ್ಪ ತಾಮ್ರದ ತಂತಿಗಳು. ಪ್ರವಾಹ ಇಮ್ಮಡಿಯಾದರೆ ಅದೇ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಮಡಿಯಾಗುತ್ತದೆ. ಇದನ್ನು ಜೂಲ್ 1841ರಲ್ಲಿಯೇ ಪ್ರಕಟಿಸಿದ್ದನು.

ಇನ್ನು ಫ್ಯೂಸು. ಆಂಪ್ಲಿಫೈಯರಿಗೆ ಹೋಗುವ ತಂತಿಗೆ, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ, ಆ ತಂತಿ ತಾಳುವ ಪ್ರವಾಹವನ್ನು ಮೀರದ ಫ್ಯೂಸನ್ನು ಹಾಕಬೇಕು. ತಂತಿಯ ಹೊದಿಕೆ ಎಲ್ಲಿಯಾದರೂ ಸವೆದು ಲೋಹದ ಒಡಲಿಗೆ ತಾಗಿದರೆ, ಬ್ಯಾಟರಿಯ ಶಕ್ತಿಯೆಲ್ಲ ಅಲ್ಲಿಯೇ ಹರಿದು ಬೆಂಕಿ ಹೊತ್ತಬಹುದು. ಖರ್ಚಿನಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಈ ವಸ್ತುವನ್ನು, ಹಾಡು ಕೇಳುವ ಆತುರದಲ್ಲಿ, ಯಾರೂ ಮರೆಯಬಾರದು.