ಕಂಫರ್ಟೋ ಸ್ಪೋರ್ಟೋ: ಗೇರುಪೆಟ್ಟಿಗೆಯ ಎರಡು ಮನೋಧರ್ಮ

ಆಟೊಮ್ಯಾಟಿಕ್ ಗೇರಿನ ಅನೇಕ ಕಾರುಗಳಲ್ಲಿರುವ ‘ಕಂಫರ್ಟ್’ ಮತ್ತು ‘ಸ್ಪೋರ್ಟ್’ ಎಂಬ ಆಯ್ಕೆಗಳು ಎಂಜಿನ್ನಿಗೆ ಹೊಸ ಶಕ್ತಿಯನ್ನು ತುಂಬುತ್ತವೆ ಎಂಬ ನಂಬಿಕೆ ಸಾಮಾನ್ಯವಾಗಿದ್ದರೂ, ಅವು ಮುಖ್ಯವಾಗಿ ಬದಲಿಸುವುದು ಯಾವ ಹಂತದಲ್ಲಿ ಯಾವ ಗೇರು ಬೀಳಬೇಕೆಂದು ತೀರ್ಮಾನಿಸುವ ಕಂಪ್ಯೂಟರಿನ ಲೆಕ್ಕಾಚಾರವನ್ನು. ಕಂಫರ್ಟ್‌ನಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿದಾಗ, ಎಂಜಿನ್ ನಿಮಿಷಕ್ಕೆ ಸುಮಾರು 2000 ಸುತ್ತು ತಲುಪುವಷ್ಟರಲ್ಲೇ ಮೇಲಿನ ಗೇರು ಬೀಳುವುದರಿಂದ ಸದ್ದು ತಗ್ಗಿ ಇಂಧನವೂ ಉಳಿಯುತ್ತದೆ. ಆದರೆ ಮುಂದಿನ ಲಾರಿಯನ್ನು ಹಿಂದಿಕ್ಕಲು ಒಮ್ಮೆಲೇ ಒತ್ತಿದರೆ, ಕೆಳಗಿನ ಗೇರಿಗೆ ಇಳಿಯುವವರೆಗೆ ಕಾರು ಅರೆಕ್ಷಣ ತಡವರಿಸುತ್ತದೆ. ಸ್ಪೋರ್ಟ್ ಆ ಕೆಳಗೇರನ್ನೇ ಬಿಗಿಯಾಗಿ ಹಿಡಿದಿರುತ್ತದೆ.

ಫೋಕ್ಸ್‌ವ್ಯಾಗನ್ ಸಂಸ್ಥೆಯು 2003ರಲ್ಲಿ ಗಾಲ್ಫ್ ಆರ್32 ಕಾರಿನಲ್ಲಿ ತಂದ ಡಿಎಸ್‌ಜಿ ಗೇರುಪೆಟ್ಟಿಗೆಯಲ್ಲಿ ಬೆಸಸಂಖ್ಯೆಯ ಗೇರುಗಳಿಗೊಂದು, ಸಮಸಂಖ್ಯೆಯವುಗಳಿಗೊಂದು ಕ್ಲಚ್ ಇದ್ದು, ಮುಂದಿನ ಗೇರು ಮೊದಲೇ ಸಜ್ಜಾಗಿರುವುದರಿಂದ ಗೇರು ಬದಲಾಗುವಾಗಿನ ತಡ ಬಹಳಷ್ಟು ಕಡಿಮೆಯಾಯಿತು.

ಸ್ಪೋರ್ಟ್‌ನ ನಿಜವಾದ ಉಪಯೋಗ ವೇಗಕ್ಕಿಂತ ಹೆಚ್ಚಾಗಿ ಆಗುಂಬೆ, ಚಾರ್ಮಾಡಿಗಳಂಥ ಘಾಟಿಗಳ ಇಳಿಜಾರಿನಲ್ಲಿದೆ ಎನ್ನಬೇಕು: ಮೇಲಿನ ಗೇರಿನಲ್ಲಿ ಕಾರು ಸಲೀಸಾಗಿ ಜಾರುತ್ತ ಹೋದಾಗ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಪ್ಯಾಡುಗಳು ಕಾದು ಹಿಡಿತ ಕಳೆದುಕೊಳ್ಳಬಹುದು, ಕೆಳಗೇರಿನಲ್ಲಾದರೆ ಎಂಜಿನ್ನೇ ಚಕ್ರಗಳ ಓಟವನ್ನು ತಡೆಯುತ್ತದೆ, ಇದನ್ನೇ ಎಂಜಿನ್ ಬ್ರೇಕಿಂಗ್ ಎನ್ನುವುದು. ಗೇರನ್ನು ಕೈಯಿಂದ ಆರಿಸುವ ಸೌಲಭ್ಯವಿದ್ದರೆ ಅಲ್ಲಿ ಅದು ಇನ್ನೂ ಮೇಲು. ಮಳೆಯಲ್ಲಿ ನೆನೆದ ರಸ್ತೆಗೆ ಮಾತ್ರ, ಚಕ್ರಗಳಿಗೆ ಬಲವನ್ನು ಮೆಲ್ಲಗೆ ಒದಗಿಸುವ ಕಂಫರ್ಟ್ ಹೆಚ್ಚು ಒಗ್ಗುತ್ತದೆ. ಬೆಂಗಳೂರಿನ ಆಮೆನಡಿಗೆಯ ಸಂಚಾರದಲ್ಲಂತೂ ಸ್ಪೋರ್ಟ್ ಎಂದರೆ ಜಗ್ಗಾಟ ಮತ್ತು ವ್ಯರ್ಥವಾಗುವ ಪೆಟ್ರೋಲು, ಅಷ್ಟೆ.