ಐದನೆಯ ಚಕ್ರದ ಭಾರ

ಹೊರೆ ಎಷ್ಟೆಂದು ಕೇಳುವವರು ಬಹು ಮಂದಿ. ಅದು ಎಲ್ಲಿ ಕುಳಿತಿದೆಯೆಂದು ಕೇಳುವವರು ವಿರಳ. ಎತ್ತಿನ ಗಾಡಿ ಹೂಡುವ ನಮ್ಮ ರೈತನಿಗಾದರೋ ಎರಡನೆಯ ಪ್ರಶ್ನೆಯೇ ಮೊದಲಿನದು. ಮೂಟೆಗಳನ್ನು ಹಿಂದಕ್ಕೆ ಹೇರಿದರೆ ನೊಗವು ಮೇಲಕ್ಕೇಳುವುದು. ಮುಂದಕ್ಕೆ ಹೇರಿದರೆ ಎತ್ತಿನ ಹೆಗಲು ಹುಣ್ಣಾಗುವುದು. ಗಾಡಿ ಅದೇ, ಮೂಟೆಗಳೂ ಅವೇ, ವ್ಯತ್ಯಾಸವೆಲ್ಲ ಸ್ಥಾನದ್ದು. ಅಮೆರಿಕದ ಹೆದ್ದಾರಿಗಳಲ್ಲಿ ಮನೆಯನ್ನೇ ಹಿಂದೆ ಕಟ್ಟಿಕೊಂಡು ಸಂಚರಿಸುವ ಸಂಸಾರಗಳಿಗೂ ಈ ವಿಚಾರವು ತಪ್ಪಿದ್ದಲ್ಲ. ಅಲ್ಲಿ ಎತ್ತಿನ ಹೆಗಲಿನ ಸ್ಥಾನದಲ್ಲಿರುವುದು ಟ್ರಕ್ಕಿನ ಹಿಂದಿನ ಅಚ್ಚು.

ಅಡಿಗೆಮನೆ, ಮಲಗುವ ಕೋಣೆ, ಸ್ನಾನದ ಮನೆಗಳನ್ನೊಳಗೊಂಡ ದೊಡ್ಡ ಟ್ರೇಲರುಗಳನ್ನು ಪಿಕ್‌ಅಪ್ ಟ್ರಕ್ಕುಗಳಿಗೆ ಕಟ್ಟಿ ಎಳೆಯುವ ಪದ್ಧತಿಯು ಆ ದೇಶದಲ್ಲುಂಟು. ಇವುಗಳಲ್ಲಿ ಒಂದು ಬಗೆಗೆ 'ಫಿಫ್ತ್ ವೀಲ್', ಎಂದರೆ ಐದನೆಯ ಚಕ್ರವೆಂದು ಹೆಸರು. ಹೆಸರು ಕುದುರೆಗಾಡಿಯ ಕಾಲದ್ದು. ನಾಲ್ಕು ಚಕ್ರದ ಸಾರೋಟಿನಲ್ಲಿ ಮುಂದಿನ ಅಚ್ಚು ಎಡಬಲಕ್ಕೆ ತಿರುಗಲೆಂದು ಅದರ ಮೇಲೆ ಅಡ್ಡಲಾಗಿ ಮಲಗಿಸಿದ ಬಳೆಯಂಥ ಚಕ್ರವೊಂದಿರುತ್ತಿತ್ತು, ಅದೇ ಐದನೆಯದು. ಇಂದು ಆ ಹೆಸರು ಟ್ರಕ್ಕಿನ ಬೆನ್ನಮೇಲೆ ಕೂರಿಸುವ ಕೊಂಡಿಗೆ ಉಳಿದಿದೆ. ಟ್ರೇಲರಿನ ಮುಂಭಾಗದಿಂದ ಕೆಳಗಿಳಿದಿರುವ ದಪ್ಪನೆಯ ಉಕ್ಕಿನ ಗೂಟವು ಈ ಕೊಂಡಿಯಲ್ಲಿ ಕುಳಿತು ತಿರುಗುವುದು.

ಸಾಧಾರಣ ಟ್ರೇಲರನ್ನು ಟ್ರಕ್ಕಿನ ಬಾಲಕ್ಕೆ ಕಟ್ಟುತ್ತಾರೆ. ಆ ಭಾರವು ಹಿಂದಿನ ಅಚ್ಚಿಗಿಂತಲೂ ಹಿಂದೆ ಬೀಳುವುದರಿಂದ ಹಾರೆಯಿಂದ ಮೀಟಿದಂತಾಗಿ, ಟ್ರಕ್ಕಿನ ಮುಂಭಾಗವು ಹಗುರವಾಗುವುದು. ಐದನೆಯ ಚಕ್ರದ ಕೊಂಡಿಯಾದರೋ ಹಿಂದಿನ ಅಚ್ಚಿನ ನೇರಕ್ಕೆ, ಅಥವಾ ಅದಕ್ಕಿಂತ ತುಸು ಮುಂದೆ ಇರುವುದು. ಆದ್ದರಿಂದ ಮುಂಭಾಗವು ಏಳದೆ ಪ್ರಯಾಣವು ಸ್ಥಿರವಾಗಿರುವುದು. ಆದರೆ ಈ ಗುಣಕ್ಕೆ ತೆರಬೇಕಾದ ಬೆಲೆಯೂ ಉಂಟು. ಟ್ರೇಲರಿನ ತೂಕದಲ್ಲಿ ನೂರಕ್ಕೆ 15ರಿಂದ 25 ಪಾಲು ಗೂಟದ ಮೂಲಕ ಇಳಿದು, ಬಹುಮಟ್ಟಿಗೆ ಎಲ್ಲವೂ ಹಿಂದಿನ ಅಚ್ಚಿನ ಮೇಲೆಯೇ ಕೂರುವುದು.

ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ತಯಾರಕರು ಅಂಟಿಸಿದ ಚೀಟಿಯೊಂದಿರುತ್ತದೆ. ಅದರಲ್ಲಿ ಮೂರು ಮಿತಿಗಳನ್ನು ಕಾಣಬಹುದು: ಟ್ರಕ್ಕಿನ ಒಟ್ಟು ತೂಕದ್ದೊಂದು, ಮುಂದಿನ ಅಚ್ಚಿನದೊಂದು, ಹಿಂದಿನ ಅಚ್ಚಿನದೊಂದು. ಈ ಮೂರನ್ನೂ ಬೇರೆಬೇರೆಯಾಗಿ ಪಾಲಿಸಬೇಕು. ಒಂದರಲ್ಲಿ ಉಳಿದದ್ದನ್ನು ಇನ್ನೊಂದಕ್ಕೆ ಸಾಲ ಕೊಡಲಾಗದು. ಜಾಹೀರಾತುಗಳು ಸಾರುವ 'ಎಳೆಯುವ ಸಾಮರ್ಥ್ಯ'ವು ಇವುಗಳಲ್ಲಿ ಯಾವುದೂ ಅಲ್ಲ.

ಒಂದು ಲೆಕ್ಕವನ್ನು ನೋಡೋಣ. ಅಲ್ಲಿಯ ತೂಕವು ಪೌಂಡಿನದು. ಒಂದು ಪೌಂಡೆಂದರೆ ಸುಮಾರು 454 ಗ್ರಾಂ. ಟ್ರಕ್ಕೊಂದರ ಒಟ್ಟು ಮಿತಿ 10,000, ಮುಂದಿನ ಅಚ್ಚಿನ ಮಿತಿ 5,200, ಹಿಂದಿನದು 6,200 ಪೌಂಡು ಎಂದಿರಲಿ. ಎಳೆಯುವ ಸಾಮರ್ಥ್ಯ 15,000 ಎಂದು ಸಾರಿರಲಿ. ಯಜಮಾನನು 14,000 ಪೌಂಡಿನ ಟ್ರೇಲರನ್ನು ಕಟ್ಟಿ, ಇನ್ನೂ ಸಾವಿರ ಉಳಿದಿದೆಯೆಂದು ಸಮಾಧಾನಪಡುತ್ತಾನೆ. ಆದರೆ ಹೆಂಡತಿ, ಮಕ್ಕಳು, ಸಾಮಾನು, ಇಂಧನ ಸೇರಿ ಟ್ರಕ್ಕು ಆಗಲೇ ಮುಂದೆ 4,400, ಹಿಂದೆ 3,600, ಒಟ್ಟು 8,000 ತೂಗುತ್ತಿದೆ. ಗೂಟದ ಭಾರ ನೂರಕ್ಕೆ 20ರಂತೆ 2,800. ಹಿಂದಿನ ಅಚ್ಚು ಈಗ 6,400 ಹೊತ್ತು ಮಿತಿಯನ್ನು 200 ಪೌಂಡು ಮೀರಿತು. ಟ್ರಕ್ಕಿನ ಒಟ್ಟು ತೂಕವು 10,800 ಆಗಿ 800 ಪೌಂಡು ಮೀರಿತು. ಮುಂದಿನ ಅಚ್ಚು ಮಾತ್ರ ಸುಖವಾಗಿದೆ. ಸ್ಟಿಯರಿಂಗ್ ಹಿಡಿದ ಕೈಗೆ ಯಾವ ತೊಂದರೆಯೂ ತಿಳಿಯದಿರುವುದು ಇದರಿಂದಲೇ.

ತಿಳಿಯದಿದ್ದರೂ ಕೇಡು ನಡೆಯುತ್ತಿರುತ್ತದೆ. ಮಿತಿಮೀರಿ ಹೊತ್ತ ಟೈರು ಉರುಳುವಾಗಲೆಲ್ಲ ಹೆಚ್ಚಾಗಿ ಬಾಗಿ, ಒಳಗೊಳಗೇ ಕಾಯುವುದು. ಬೇಸಗೆಯ ಬಿಸಿಲಿನಲ್ಲಿ, ವೇಗದ ಹಾದಿಯಲ್ಲಿ ಅದು ಸಿಡಿದರೆ ಇಡೀ ಸಂಸಾರವೇ ಅಪಾಯಕ್ಕೆ ಗುರಿ. ಇಳಿಜಾರಿನಲ್ಲಿ ಬ್ರೇಕುಗಳು ಸೋಲುವುದೂ ಉಂಟು. ಹಿಂಭಾಗ ತಗ್ಗಿತೆಂದು ಗಾಳಿಚೀಲಗಳನ್ನೋ ಹೆಚ್ಚಿನ ಸ್ಪ್ರಿಂಗನ್ನೋ ಸೇರಿಸುವವರುಂಟು. ಇದರಿಂದ ಟ್ರಕ್ಕು ಮಟ್ಟವಾಗಿ ಕಾಣುವುದೇ ಹೊರತು, ತಯಾರಕರು ಗೊತ್ತುಮಾಡಿದ ಮಿತಿಯು ಹೆಚ್ಚದು.

ನಿಜವನ್ನು ತಿಳಿಯಲು ತಕ್ಕಡಿಯೊಂದೇ ದಾರಿ. ಅಲ್ಲಿಯ ಹೆದ್ದಾರಿಗಳ ಲಾರಿ ತಂಗುದಾಣಗಳಲ್ಲಿ ವೇಬ್ರಿಡ್ಜುಗಳುಂಟು. 1977ರಲ್ಲಿ ಆರಂಭವಾದ ಕ್ಯಾಟ್ ಸ್ಕೇಲ್ ಸಂಸ್ಥೆಯವು ಇವುಗಳಲ್ಲಿ ಪ್ರಸಿದ್ಧವಾದುವು. ಮುಂದಿನ ಅಚ್ಚು ಒಂದು ಹಾಸಿನ ಮೇಲೆ, ಹಿಂದಿನದು ಇನ್ನೊಂದರ ಮೇಲೆ, ಟ್ರೇಲರಿನ ಅಚ್ಚುಗಳು ಮೂರನೆಯದರ ಮೇಲೆ ನಿಲ್ಲುವಂತೆ ವಾಹನವನ್ನು ನಿಲ್ಲಿಸಬೇಕು. ನಮ್ಮ ಲೆಕ್ಕದ ವಾಹನವಾದರೆ ಚೀಟಿಯಲ್ಲಿ 4,400, 6,400, 11,200 ಎಂದು ಬರುವುದು. ಬಳಿಕ ಟ್ರೇಲರನ್ನು ಬಿಚ್ಚಿಟ್ಟು ಟ್ರಕ್ಕನ್ನು ಮಾತ್ರ ತೂಗಿದರೆ 8,000. ಕಟ್ಟಿದಾಗಿನ 10,800ರಲ್ಲಿ ಇದನ್ನು ಕಳೆದರೆ ಉಳಿಯುವ 2,800 ಗೂಟದ ಭಾರ. ಅದನ್ನು 11,200ಕ್ಕೆ ಕೂಡಿಸಿದರೆ ಟ್ರೇಲರಿನ ನಿಜವಾದ ತೂಕ. ಯಾತ್ರೆಗೆ ಹೊರಟಾಗ ಇರುವಂತೆಯೇ ನೀರು, ಅನಿಲ, ದವಸ, ಪಾತ್ರೆ, ಜನರೆಲ್ಲರೂ ಇರುವಾಗ ತೂಗಬೇಕು. ಮಾರುವವನ ಪುಸ್ತಕದಲ್ಲಿರುವುದು ಬರಿದಾದ ಟ್ರೇಲರಿನ ತೂಕ. 60 ಅಮೆರಿಕನ್ ಗ್ಯಾಲನ್ ನೀರೇ ಸುಮಾರು 500 ಪೌಂಡಾಗುವುದು.

ಮಿತಿ ಮೀರಿದ್ದರೆ ಮೊದಲು ಟ್ರಕ್ಕಿನ ಬೆನ್ನಮೇಲಿನ ಸಾಮಾನನ್ನು ಇಳಿಸಬೇಕು. ಟ್ರೇಲರಿನ ಮುಂಗೋಣೆಯಲ್ಲಿರುವ ಭಾರದ ವಸ್ತುಗಳನ್ನು ಅದರ ಅಚ್ಚುಗಳ ಸಮೀಪಕ್ಕೆ ಸರಿಸಬಹುದು. ಹಾಗೆಂದು ಎಲ್ಲವನ್ನೂ ಹಿಂತುದಿಗೆ ತುಂಬಿದರೆ ಗೂಟದ ಭಾರ ತೀರ ಕಡಮೆಯಾಗಿ ಟ್ರೇಲರು ಓಲಾಡತೊಡಗುವುದು. ಇಷ್ಟಕ್ಕೂ ಸರಿಹೋಗದಿದ್ದರೆ ಚಿಕ್ಕ ಟ್ರೇಲರು, ಇಲ್ಲವೆ ಹಿಂದೆ ನಾಲ್ಕು ಟೈರುಗಳುಳ್ಳ ದೊಡ್ಡ ಟ್ರಕ್ಕು, ಬೇರೆ ಉಪಾಯವಿಲ್ಲ. ಕೊಳ್ಳುವ ಮೊದಲೇ ಕಾಗದದ ಮೇಲೆ ಈ ಲೆಕ್ಕವನ್ನು ಮಾಡಿದವನಿಗೆ ಅಂಥ ಎರಡನೆಯ ಖರ್ಚು ತಪ್ಪುವುದು.

ಎತ್ತು ಹೆಗಲು ನೊಂದಾಗ ನಿಲ್ಲುತ್ತದೆ, ಮುಖ ತಿರುಗಿಸುತ್ತದೆ. ಯಂತ್ರಕ್ಕೆ ಆ ಭಾಷೆಯಿಲ್ಲ. ಅದರ ಪರವಾಗಿ ಮಾತನಾಡುವುದು ಬಾಗಿಲಿನ ಚೀಟಿ ಮತ್ತು ತಕ್ಕಡಿಯ ಚೀಟಿ. ಸಂಸಾರವನ್ನು ಕೂರಿಸಿಕೊಂಡು ಹೊರಡುವವನು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು.